ಬಾಟಲಿಗೆ ಬಿದ್ದ ನೊಣ, ತೋಟದಲ್ಲಿ ಉಳಿದ ನೊಣ

ಬಾಟಲಿ ತುಂಬ ನೊಣ ಬಿದ್ದಿದ್ದರೆ ತೋಟ ಉಳಿದಂತೆ ಎಂಬ ನಂಬಿಕೆ ಖಾನಾಪುರದ ಕಡೆಯ ಮಾವು ಬೆಳೆಗಾರರಲ್ಲಿ, ಬಲೆ ಮಾರುವ ಅಂಗಡಿಗಳಲ್ಲಿ, ಸಹಾಯಧನದಲ್ಲಿ ಬಲೆ ಹಂಚುವ ವ್ಯವಸ್ಥೆಯಲ್ಲಿ ಬಲವಾಗಿ ಬೇರೂರಿದೆ. ಒಂದೇ ಮಾತಿಗೆ ತಳ್ಳಿಹಾಕುವಂಥ ನಂಬಿಕೆ ಇದಲ್ಲ. ಅದರ ತರ್ಕವನ್ನು ಮೊದಲು ನ್ಯಾಯವಾಗಿ ಮುಂದಿಡಬೇಕು. ಹಣ್ಣಿನ ನೊಣ ಬಲಿತ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಎರಡು ಮೂರು ದಿನದಲ್ಲಿ ಮರಿಹುಳ ಹೊರಬಂದು ತಿರುಳು ತಿನ್ನತೊಡಗುತ್ತದೆ. ಒಳಗಿರುವ ಹುಳಕ್ಕೆ ಮೇಲಿನಿಂದ ಹೊಡೆದ ಔಷಧ ತಾಗುವುದಿಲ್ಲ. ಕೊಯ್ಲಿನ ಹೊತ್ತಿಗೆ ಹೊಡೆದರೆ ಅದು ತಿನ್ನುವವರ ಹೊಟ್ಟೆ ಸೇರುತ್ತದೆ. ಆದ್ದರಿಂದ ಮೊಟ್ಟೆ ಇಡುವ ಮೊದಲೇ ನೊಣವನ್ನು ಹಿಡಿಯಬೇಕು. ಮಿಥೈಲ್ ಯೂಜಿನಾಲ್ ಎಂಬ ರಾಸಾಯನಿಕದ ವಾಸನೆಗೆ ಈ ನೊಣಗಳು ಮುತ್ತಿಕೊಂಡು ಬರುತ್ತವೆ. ಆಲ್ಕೋಹಾಲ್, ಮಿಥೈಲ್ ಯೂಜಿನಾಲ್, ಕೀಟನಾಶಕ ಮೂರನ್ನೂ 6:4:1ರ ಪ್ರಮಾಣದಲ್ಲಿ ಬೆರೆಸಿ, ಅದರಲ್ಲಿ ನೆನೆಸಿದ ಪ್ಲೈವುಡ್ ತುಂಡನ್ನು ಡಬ್ಬಿಯಲ್ಲಿಟ್ಟು ಕೊಂಬೆಗೆ ತೂಗುಹಾಕಿದರೆ, ಹಣ್ಣಿನ ಮೇಲೆ ಒಂದು ಹನಿ ವಿಷವೂ ಬೀಳದೆ ನೂರಾರು ನೊಣ ಸಾಯುತ್ತವೆ. ಬಲೆ ಅಗ್ಗ, ಕೂಲಿ ಹೆಚ್ಚು ಬೇಡ, ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ ಹಿಡಿದು ಕೃಷಿ ವಿಜ್ಞಾನ ಕೇಂದ್ರಗಳವರೆಗೆ ಎಲ್ಲರೂ ಅದನ್ನು ಹೇಳುತ್ತಾರೆ. ಸತ್ತ ನೊಣ ಮರಿ ಹಾಕುವುದಿಲ್ಲ. ಹಾಗಿದ್ದ ಮೇಲೆ ಬಾಟಲಿಯಲ್ಲಿ ಸತ್ತ ಒಂದೊಂದು ನೊಣಕ್ಕೂ ಒಂದಿಷ್ಟು ಹಣ್ಣು ಉಳಿಯಿತು ಎಂದೇ ಅರ್ಥವಲ್ಲವೇ?

ಈ ಮಾತುಗಳಲ್ಲಿ ಕೊನೆಯದನ್ನು ಬಿಟ್ಟು ಉಳಿದವೆಲ್ಲ ನಿಜ. ಕೊನೆಯದು ಮಾತ್ರ ಹಿಂದಿನವುಗಳಿಂದ ಹುಟ್ಟುವುದಿಲ್ಲ. ಏಕೆಂದರೆ ಬಾಟಲಿಗೆ ಬಿದ್ದ ನೊಣ ಯಾವುದು ಎಂಬ ಪ್ರಶ್ನೆಯನ್ನೇ ನಾವು ಕೇಳಿಲ್ಲ. ಮಿಥೈಲ್ ಯೂಜಿನಾಲ್‌ಗೆ ಬರುವುದು ಗಂಡು ನೊಣ ಮಾತ್ರ. ಕಾಯಿ ಚುಚ್ಚುವುದು ಹೆಣ್ಣು. ಇದು ಇತ್ತೀಚಿನ ಶೋಧವೇನೂ ಅಲ್ಲ. ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆಯ ಕೀಟಶಾಸ್ತ್ರಜ್ಞ ಎಫ್. ಎಂ. ಹೌಲೆಟ್ 1912ರಲ್ಲೇ ಇದನ್ನು ಬರೆದಿಟ್ಟ. ಸೊಳ್ಳೆ ಓಡಿಸಲೆಂದು ಕರವಸ್ತ್ರಕ್ಕೆ ಸಿಟ್ರೊನೆಲ್ಲಾ ಎಣ್ಣೆ ಹಚ್ಚಿಕೊಂಡ ನೆರೆಯವರೊಬ್ಬರಿಗೆ ನೊಣಗಳು ಮುತ್ತಿಕೊಂಡವು. ಪರೀಕ್ಷಿಸಿದರೆ ಅವು ಹಣ್ಣಿನ ನೊಣಗಳು, ಅವುಗಳಲ್ಲಿ ಹೆಣ್ಣೇ ಇರಲಿಲ್ಲ. ಆ ಎಣ್ಣೆಯಲ್ಲಿ ನೊಣವನ್ನು ಸೆಳೆಯುವ ಅಂಶ ಮಿಥೈಲ್ ಯೂಜಿನಾಲ್ ಎಂದು 1915ರಲ್ಲಿ ಅವನೇ ಗುರುತಿಸಿದ. ಅಂದರೆ ಇಂದು ನಮ್ಮ ಕೊಂಬೆಗಳಲ್ಲಿ ತೂಗುವ ಬಲೆಯ ಮೂಲ ನಮ್ಮ ದೇಶದ್ದೇ, ಅದರ ಮಿತಿಯೂ ಅದು ಹುಟ್ಟಿದ ದಿನದಿಂದಲೇ ಗೊತ್ತಿದ್ದದ್ದು. ತುಳಸಿಯಲ್ಲೂ ಇದೇ ರಾಸಾಯನಿಕ ಇರುವುದರಿಂದ ತೆಂಗಿನ ಚಿಪ್ಪಿನಲ್ಲಿ ತುಳಸಿ ಎಲೆಯ ರಸ, ಕೀಟನಾಶಕ ಹಾಕಿ ಇಡುವ ರೂಢಿಯೂ ಉಂಟು. ಅದಕ್ಕೂ ಬರುವುದು ಗಂಡೇ.

ಗಂಡು ಸತ್ತರೆ ಹೆಣ್ಣಿಗೆ ಜೋಡಿ ಸಿಗದೆ ಸಂತತಿ ನಿಲ್ಲುತ್ತದಲ್ಲ ಎಂದು ಕೇಳಬಹುದು. ನಿಲ್ಲುತ್ತದೆ, ಆದರೆ ಯಾವಾಗ? ಒಂದು ಕಲ್ಪಿತ ಲೆಕ್ಕ ಮಾಡೋಣ. ತೋಟದಲ್ಲಿ 100 ಗಂಡು, 100 ಹೆಣ್ಣು ಇವೆ ಎಂದಿಟ್ಟುಕೊಳ್ಳಿ. ಗಂಡು ತನ್ನ ಆಯುಷ್ಯದಲ್ಲಿ ಹಲವು ಹೆಣ್ಣುಗಳನ್ನು ಕೂಡಬಲ್ಲದು; ಹೆಣ್ಣು ಒಮ್ಮೆ ಕೂಡಿದರೆ ವೀರ್ಯವನ್ನು ಒಡಲಲ್ಲಿ ಕೂಡಿಟ್ಟುಕೊಂಡು ದಿನಗಟ್ಟಲೆ ಫಲಿತ ಮೊಟ್ಟೆ ಇಡಬಲ್ಲದು. ಬಲೆಗಳು 70 ಗಂಡನ್ನು ಕೊಂದವು. ಉಳಿದ 30 ಗಂಡುಗಳಿಗೆ ತಲಾ ಮೂರು ನಾಲ್ಕು ಹೆಣ್ಣು. ಎಲ್ಲ ಹೆಣ್ಣುಗಳೂ ಕೂಡುತ್ತವೆ, ಮೊಟ್ಟೆಯ ಸಂಖ್ಯೆ ಕುಗ್ಗುವುದಿಲ್ಲ. ಬಲೆಗಳು 90 ಕೊಂದರೂ ಉಳಿದ ಹತ್ತಕ್ಕೆ ತಲಾ ಹತ್ತು ಹೆಣ್ಣು. ವಾರಗಳ ಆಯುಷ್ಯ ಇರುವ ಗಂಡಿಗೆ ಅದು ಅಸಾಧ್ಯವೇನಲ್ಲ. ಗಂಡು ತೀರ ಅಪರೂಪವಾಗಿ, ಸಂಜೆಯ ಮಬ್ಬಿನಲ್ಲಿ ಜೋಡಿ ಹುಡುಕುವ ಹೆಣ್ಣಿಗೆ ಯಾರೂ ಸಿಗದಂಥ ಸ್ಥಿತಿ ಬಂದಾಗಷ್ಟೇ ಮೊಟ್ಟೆ ಇಳಿಮುಖವಾಗುತ್ತದೆ. ಆದ್ದರಿಂದ ಕೊಂದದ್ದಕ್ಕೂ ಉಳಿದದ್ದಕ್ಕೂ ನೇರ ಅನುಪಾತವಿಲ್ಲ. ಮೊದಲ ಎಂಬತ್ತು ಗಂಡಿನ ಸಾವಿನಿಂದ ಬೆಳೆಗಾರನಿಗೆ ಸಿಗುವುದು ಬಹಳ ಕಡಿಮೆ. ಲಾಭವೆಲ್ಲ ಕೊನೆಯ ಕೆಲವೇ ಗಂಡುಗಳ ಸಾವಿನಲ್ಲಿದೆ. ಬಾಟಲಿ ತುಂಬಿದ್ದನ್ನು ನೋಡಿ ಸಮಾಧಾನಪಡುವವರು ಲೆಕ್ಕ ಹಾಕುವುದು ಆ ಮೊದಲ ಎಂಬತ್ತನ್ನು.

ಇದಕ್ಕೆ ಇನ್ನೆರಡು ಸಂಗತಿ ಸೇರಿಸಬೇಕು. ಒಂದು, ಗಂಡಿಗೆ ಈ ವಾಸನೆಯ ಸೆಳೆತ ಹೆಚ್ಚುವುದು ಅದು ಪ್ರಾಯಕ್ಕೆ ಬರುತ್ತಿದ್ದಂತೆ. ಹಾಗಾಗಿ ಬಲೆಗೆ ಬಿದ್ದವುಗಳಲ್ಲಿ ಒಂದು ಪಾಲು ಈಗಾಗಲೇ ಕೂಡಿ ಬಂದವೇ ಆಗಿರಬಹುದು. ಎರಡನೆಯದು ಹೆಚ್ಚು ಚಿಂತೆಯ ವಿಷಯ. ಹವಾಯಿಯಲ್ಲಿ ಟಾಡ್ ಶೆಲ್ಲಿ ಮತ್ತು ಜೊತೆಗಾರರು 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಮಿಥೈಲ್ ಯೂಜಿನಾಲ್ ಸವಿದ ಗಂಡುಗಳು ಸವಿಯದ ಗಂಡುಗಳಿಗಿಂತ ಹೆಚ್ಚು ಹೆಣ್ಣುಗಳನ್ನು ಒಲಿಸಿಕೊಂಡವು. ಈ ರಾಸಾಯನಿಕ ಗಂಡಿನ ಮೈ ಸೇರಿ ಹೆಣ್ಣನ್ನು ಕರೆಯುವ ವಾಸನೆಯ ಕಚ್ಚಾವಸ್ತುವಾಗುತ್ತದೆ. ಕೀಟನಾಶಕ ಆರಿಹೋದ ತುಂಡು, ತೂತು ದೊಡ್ಡದಾದ ಡಬ್ಬಿ, ಕಳೆದ ವರ್ಷದ್ದೇ ಮತ್ತೆ ತೂಗಿದ ಬಲೆ, ಇವುಗಳಿಗೆ ಬಂದು ಸವಿದು ಹಾರಿಹೋದ ಗಂಡು ಮೊದಲಿಗಿಂತ ಬಲಶಾಲಿ. ಬಲೆ ಹಾಕುವುದರಿಂದ ನಷ್ಟವಂತೂ ಇಲ್ಲ ಎನ್ನುವವರು ಇದನ್ನು ಗಮನಿಸಬೇಕು. ಸರಿಯಾಗಿ ನೋಡಿಕೊಳ್ಳದ ಬಲೆಯ ಬಗ್ಗೆ ಅಂಥ ಭರವಸೆ ಕೊಡಲಾಗದು.

ಹಾಗಿದ್ದರೆ ಗಂಡನ್ನು ಕೊಂದು ನೊಣವನ್ನು ನಿರ್ಮೂಲ ಮಾಡಿದ ಉದಾಹರಣೆಯೇ ಇಲ್ಲವೇ? ಇದೆ, ಅದು ಪ್ರಸಿದ್ಧವೂ ಹೌದು. ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಗಳಲ್ಲೊಂದಾದ ರೋಟಾದಲ್ಲಿ 1960ರ ದಶಕದ ಮೊದಲ ಭಾಗದಲ್ಲಿ ಕೀಟಶಾಸ್ತ್ರಜ್ಞ ಸ್ಟೈನರ್ ಮತ್ತು ಸಂಗಡಿಗರು ಮಿಥೈಲ್ ಯೂಜಿನಾಲ್, ಕೀಟನಾಶಕ ಎರಡನ್ನೂ ಹೀರಿಸಿದ ನಾರುಹಲಗೆಯ ತುಂಡುಗಳನ್ನು ವಿಮಾನದಿಂದ ದ್ವೀಪದ ಮೇಲೆಲ್ಲ ಉದುರಿಸಿದರು. ಮತ್ತೆ ಮತ್ತೆ ಉದುರಿಸಿದ ಮೇಲೆ ಮಾವಿನ ನೊಣ ಅಲ್ಲಿಂದ ಅಳಿಯಿತು. ಜಪಾನಿನ ನೈಋತ್ಯ ದ್ವೀಪಗಳಲ್ಲೂ ಇದೇ ಉಪಾಯದಿಂದ 1986ರ ಹೊತ್ತಿಗೆ ಅದೇ ನೊಣವನ್ನು ಇಲ್ಲವಾಗಿಸಿದರು. ನಮ್ಮ ಬಲೆಯ ಪರವಾಗಿ ಹೇಳುವವರು ಆಧರಿಸುವುದು ಈ ಯಶಸ್ಸನ್ನೇ. ಆದರೆ ಆ ಯಶಸ್ಸಿಗೆ ಕಾರಣವಾದ ಸಂಗತಿಗಳನ್ನು ನೋಡಿ: ಸುತ್ತ ಸಮುದ್ರ, ಹೊರಗಿನಿಂದ ಕೂಡಿದ ಹೆಣ್ಣು ಹಾರಿಬರುವ ದಾರಿ ಇಲ್ಲ, ಮರ, ಪೊದೆ, ಕಾಡು, ಹಿತ್ತಲು ಎಂಬ ಭೇದವಿಲ್ಲದೆ ದ್ವೀಪದ ತುಂಬ ಒಂದೇ ಕಾಲಕ್ಕೆ ಬಿದ್ದ ಆಮಿಷ, ತಿಂಗಳುಗಟ್ಟಲೆ ಬಿಡದೆ ನಡೆದ ಕೆಲಸ. ಖಾನಾಪುರದ ಎರಡು ಎಕರೆಯ ತೋಟಕ್ಕೆ ಇವುಗಳಲ್ಲಿ ಯಾವುದೂ ಇಲ್ಲ. ತಾಲ್ಲೂಕಿನ ಪಡುವಣ ಅರ್ಧ ಕಾಡು. ಜಾಂಬೋಟಿ, ಕಣಕುಂಬಿ, ಭೀಮಗಡದ ಕಡೆಯ ಆ ಕಾಡಿನಲ್ಲಿ ನೇರಳೆ ಇದೆ, ಕೌಲು ಇದೆ. ಕೌಲು ಮರದ ಶಾಸ್ತ್ರೀಯ ಹೆಸರಿನಿಂದಲೇ ಹೆಸರು ಪಡೆದ, ಮಾವಿಗೂ ಬರುವ ಹಣ್ಣಿನ ನೊಣದ ಜಾತಿಯೊಂದು ದಕ್ಷಿಣ ಭಾರತದಲ್ಲುಂಟು. ಮೂಡಣಕ್ಕೆ ಇಟಗಿ, ಬೀಡಿ, ಪಾರಿಶ್ವಾಡದ ಬಯಲಿನಲ್ಲಿ ಕಾಡು ಕಡಿಮೆ, ಆದರೆ ಮನೆಮನೆಯ ಹಿತ್ತಲಲ್ಲಿ ಪೇರಲ, ಚಿಕ್ಕು. ನೊಣಕ್ಕೆ ಸರ್ವೆ ನಂಬರು ಗೊತ್ತಿಲ್ಲ. ನಾನು ನನ್ನ ತೋಟದ ಗಂಡುಗಳನ್ನೆಲ್ಲ ಕೊಂದರೂ ಪಕ್ಕದ ಹಿತ್ತಲಲ್ಲಿ ಕೂಡಿದ ಹೆಣ್ಣು ನನ್ನ ಆಪೂಸಿನ ಮೇಲೆ ಬಂದು ಕೂರುವುದನ್ನು ನನ್ನ ಬಲೆ ತಡೆಯುವುದಿಲ್ಲ. ಆ ಹೆಣ್ಣಿಗೆ ಬಲೆಯ ವಾಸನೆಯಲ್ಲಿ ಆಸಕ್ತಿಯೇ ಇಲ್ಲ.

ಈಗ ಬಾಟಲಿ ತುಂಬಿದ್ದಕ್ಕೆ ಬರೋಣ. ಮಿಥೈಲ್ ಯೂಜಿನಾಲ್ ಗಾಳಿ ಅನುಕೂಲವಿದ್ದರೆ ನೂರಾರು ಮೀಟರ್ ದೂರದ ಗಂಡನ್ನೂ ಕರೆಯುತ್ತದೆ. ಎರಡು ಎಕರೆಯ ತೋಟದ ಅಗಲವೇ ನೂರು ಮೀಟರ್ ಇರಲಿಕ್ಕಿಲ್ಲ. ಹಾಗಾಗಿ ಬಾಟಲಿಯಲ್ಲಿ ಬಿದ್ದ ನೊಣ ನನ್ನ ತೋಟದ್ದೇ ಎನ್ನಲು ಆಧಾರವಿಲ್ಲ. ಅದು ಆ ಸೀಮೆಯ ನೊಣ. ಕಣಕುಂಬಿಯ ಮಳೆಮಾಪಕದಲ್ಲಿ ಹೆಚ್ಚು ನೀರು ನಿಂತಿದೆ ಎಂದರೆ ಮಲಪ್ರಭೆಗೆ ಬರುವ ನೀರು ಅಷ್ಟು ತಗ್ಗಿತು ಎಂದು ಯಾರೂ ಹೇಳುವುದಿಲ್ಲ, ಹೊಳೆ ಏರಲಿದೆ ಎಂದು ಹೇಳುತ್ತಾರೆ. ತುಂಬಿದ ಬಾಟಲಿಯ ಅರ್ಥವೂ ಇದೇ: ಇಲ್ಲಿ ನೊಣ ಏರುತ್ತಿದೆ, ಮುಂದಿನ ಎರಡು ವಾರ ಜೋಪಾನ. ಅಪಾಯದ ಸೂಚನೆಯನ್ನು ಅಪಾಯ ಕಳೆದ ಸೂಚನೆಯೆಂದು ಓದಿಕೊಳ್ಳುವುದು ಈ ನಂಬಿಕೆಯ ನಿಜವಾದ ಕೇಡು. ಬಲೆ ಕೆಲಸ ಮಾಡದಿರುವುದಕ್ಕಿಂತ ಇದು ದೊಡ್ಡ ಕೇಡು. ಏಕೆಂದರೆ ಬಾಟಲಿ ತುಂಬಿದ ವಾರದಲ್ಲೇ ಬೆಳೆಗಾರ ಉಳಿದ ಎಚ್ಚರಿಕೆಗಳನ್ನು ಕೈಬಿಡುತ್ತಾನೆ.

ಆಕ್ಷೇಪಗಳನ್ನು ತೂಗಿ ನೋಡಬೇಕು. ಮೊದಲನೆಯದು ಗಟ್ಟಿಯಾದದ್ದು: ಸಂಶೋಧನಾ ಸಂಸ್ಥೆಗಳ ಪ್ರಯೋಗಗಳಲ್ಲಿ ಬಲೆ ಹಾಕಿದ ತೋಟಗಳಲ್ಲಿ ಹುಳುಕು ಕಡಿಮೆಯಾದದ್ದು ಸುಳ್ಳೇ? ಸುಳ್ಳಲ್ಲ. ಆದರೆ ಹೆಸರಘಟ್ಟದವರು ಮಾವಿಗೆ ಹೇಳಿದ್ದು ಬಲೆಯೊಂದನ್ನೇ ಅಲ್ಲ. ಉದುರಿದ ಹಣ್ಣನ್ನು ಆರಿಸಿ ನಾಶ ಮಾಡುವುದೂ ಬಲೆಯೂ ಕೂಡಿದ ಒಂದು ಕ್ರಮವನ್ನು. ಊರಿಗೆ ಬರುವಷ್ಟರಲ್ಲಿ ಆ ಕ್ರಮದಲ್ಲಿ ದುಡ್ಡಿಗೆ ಸಿಗುವ ಭಾಗ ಉಳಿಯಿತು, ಬೆನ್ನು ಬಗ್ಗಿಸಬೇಕಾದ ಭಾಗ ಬಿದ್ದುಹೋಯಿತು. ಇನ್ನೊಂದು: 2000ರ ದಶಕದಲ್ಲಿ ನಮ್ಮ ಸಂಶೋಧನಾ ಸಂಸ್ಥೆಗಳು ಬ್ರಿಟನ್ನಿನ ವಿಜ್ಞಾನಿಗಳ ಜೊತೆ ಸೇರಿ ಭಾರತದ ಹಳ್ಳಿಗಳಲ್ಲಿ ನಡೆಸಿದ ಪ್ರಯೋಗಗಳು, ಒಬ್ಬೊಬ್ಬರೇ ತಮ್ಮ ತೋಟದಲ್ಲಿ ಮಾಡಿದ ನಿಯಂತ್ರಣವನ್ನೂ ಊರಿಗೆ ಊರೇ ಸೇರಿ ಮಾಡಿದ್ದನ್ನೂ ಹೋಲಿಸಿದವು. ಊರು ಸೇರಿದಲ್ಲಿ ಫಲ ಹೆಚ್ಚು. ಅಂದರೆ ಪ್ರಯೋಗಗಳ ಸಾಕ್ಷ್ಯ ನನ್ನ ವಾದಕ್ಕೆ ವಿರುದ್ಧವಾಗಿಲ್ಲ. ಬಲೆಗೆ ಶಕ್ತಿ ಬರುವುದು ವಿಸ್ತಾರದಿಂದ ಮತ್ತು ಜೊತೆಗಿರುವ ಕೆಲಸಗಳಿಂದ ಎಂದೇ ಅದು ಹೇಳುತ್ತದೆ.

ಎರಡನೆಯ ಆಕ್ಷೇಪ ಅನುಭವದ್ದು: ಹೋದ ವರ್ಷ ಬಲೆ ಹಾಕಿರಲಿಲ್ಲ, ಹುಳ ಬಂತು, ಈ ವರ್ಷ ಹಾಕಿದೆ, ಬರಲಿಲ್ಲ. ಇಲ್ಲಿ ಎರಡು ವರ್ಷಗಳ ನಡುವೆ ಬದಲಾದದ್ದು ಬಲೆಯೊಂದೇ ಎಂದು ಊಹಿಸಲಾಗಿದೆ. ಧಾರವಾಡ–ಬೆಳಗಾವಿ ಸೀಮೆಯ ಆಪೂಸ್ ರತ್ನಾಗಿರಿಯದಕ್ಕಿಂತ ತಡವಾಗಿ ಬರುತ್ತದೆ. ಏಪ್ರಿಲ್ ಕೊನೆಯಿಂದ ಮೇ ತುಂಬ ಅದರ ಕೊಯ್ಲು. ಭರಣಿ, ಕೃತ್ತಿಕೆಯ ಮಳೆಗಳು ಬೀಳುವುದೂ ಅದೇ ಹೊತ್ತಿಗೆ. ಮಣ್ಣು ತೇವವಾದಾಗ ಅದರೊಳಗಿನ ಕೋಶಗಳಿಂದ ನೊಣ ಸುಲಭವಾಗಿ ಹೊರಬರುತ್ತದೆ, ಹಣ್ಣಾಗುವ ಕಾಯಿಯೂ ಆಗ ಹೇರಳ. ಕೃತ್ತಿಕೆ ಕೈಕೊಟ್ಟ ವರ್ಷ ಬಲೆ ಇಲ್ಲದ ತೋಟದಲ್ಲೂ ಹುಳ ಕಡಿಮೆ. ಭರಣಿಯಿಂದಲೇ ಹಿಡಿದ ವರ್ಷ ಬಲೆ ಇದ್ದರೂ ತಡವಾದ ಕಾಯಿ ಉಳಿಯುವುದು ಕಷ್ಟ. ಬಲೆಯ ಗುಣ ತಿಳಿಯಬೇಕಾದರೆ ಅದೇ ವರ್ಷ, ಅದೇ ಸೀಮೆಯಲ್ಲಿ, ಅದೇ ವಾರ ಕೊಯ್ದ, ಬಲೆ ಇಲ್ಲದ ತೋಟದ ಜೊತೆ ಹೋಲಿಸಬೇಕು. ಮಾವಿನ ಹುಳವೆಲ್ಲ ನೊಣದ ಹುಳವಲ್ಲ ಎಂಬುದೂ ನೆನಪಿರಲಿ. ವಾಟೆಯೊಳಗೆ ಕಪ್ಪು ಮೂತಿಹುಳ ಸಿಕ್ಕಿದರೆ ಅದು ಕಾಯಿ ಚಿಕ್ಕದಿದ್ದಾಗಲೇ ಹೊಕ್ಕ ಬೇರೆ ಕೀಟ. ಆಪೂಸಿನ ತಿರುಳಿನ ನಡುವೆ ಬೆಳ್ಳಗೆ ಹುಳಿಯಾಗಿ ಉಳಿಯುವ ಮೆತ್ತನೆಯ ಭಾಗಕ್ಕೆ ಯಾವ ಕೀಟವೂ ಕಾರಣವಲ್ಲ. ಇವೆರಡರ ಮೇಲೂ ಬಲೆಗೆ ಹಿಡಿತವಿಲ್ಲ, ಇವುಗಳಿಗಾಗಿ ಬಲೆಯನ್ನು ಬೈಯುವುದೂ ಅನ್ಯಾಯ.

ತರಕಾರಿ ಹೊಲಗಳಲ್ಲಿ ಗೊಂದಲ ಇನ್ನೂ ಒಂದು ಹೆಜ್ಜೆ ಮುಂದಿದೆ. ಹಾಗಲ, ಹೀರೆ, ಸೌತೆಗೆ ಬರುವ ನೊಣ ಬೇರೆ ಜಾತಿಯದು. ಅದರ ಗಂಡಿಗೆ ಮಿಥೈಲ್ ಯೂಜಿನಾಲ್ ಬೇಕಿಲ್ಲ, ಅದಕ್ಕೆ ಬೇಕಾದದ್ದು ಕ್ಯೂ–ಲೂರ್ ಎಂಬ ಇನ್ನೊಂದು ರಾಸಾಯನಿಕ. ಎರಡೂ ಬಲೆಗಳ ಡಬ್ಬಿ ಒಂದೇ ಬಣ್ಣ, ಒಂದೇ ಆಕಾರ. ಒಳಗಿನ ತುಂಡು ಬೇರೆ. ಮಾವಿನ ಬಲೆಯನ್ನು ಹಾಗಲದ ಚಪ್ಪರಕ್ಕೆ ಕಟ್ಟಿದರೂ ಪಕ್ಕದ ಪೇರಲ ಗಿಡದ ನೊಣ ಬಂದು ಡಬ್ಬಿ ತುಂಬುತ್ತದೆ, ಹಾಗಲಕ್ಕೆ ಹುಳ ಬೀಳುತ್ತಲೇ ಇರುತ್ತದೆ. ಕ್ಯೂ–ಲೂರ್‌ನ ಸೆಳೆತ ಮಿಥೈಲ್ ಯೂಜಿನಾಲ್‌ನಷ್ಟು ಬಲವಾದದ್ದೂ ಅಲ್ಲ. ಗಂಡನ್ನು ಕೊಂದು ಮಾವಿನ ನೊಣವನ್ನು ಅಳಿಸಿದ ಅದೇ ಜಪಾನಿಗರಿಗೆ ಬಳ್ಳಿ ತರಕಾರಿಯ ನೊಣವನ್ನು ಆ ಉಪಾಯದಿಂದಷ್ಟೇ ಅಳಿಸಲು ಆಗಲಿಲ್ಲ. ವಿಕಿರಣದಿಂದ ಬಂಜೆ ಮಾಡಿದ ನೊಣಗಳನ್ನು ವರ್ಷಗಟ್ಟಲೆ ಬಿಟ್ಟು 1993ರಲ್ಲಿ ಒಕಿನಾವಾ ಪ್ರಾಂತವನ್ನು ಅದರಿಂದ ಬಿಡಿಸಿಕೊಂಡರು. ಸಮುದ್ರ ಸುತ್ತುವರಿದ ದ್ವೀಪದಲ್ಲೇ ಸಾಲದೆ ಬಂದ ಉಪಾಯ ಬೆಳಗಾವಿಯ ಸುತ್ತಲ ತರಕಾರಿ ತುಂಡುಹೊಲಗಳಲ್ಲಿ ಹೇಗೆ ಸಾಕಾದೀತು?

ಇಷ್ಟು ಹೇಳಿದ ಮೇಲೆ ಬಲೆಯನ್ನು ಕಿತ್ತು ಬಿಸಾಡಿ ಎನ್ನುವುದು ನನ್ನ ತೀರ್ಮಾನವಲ್ಲ. ಅದನ್ನು ಅಳತೆಯ ಸಾಧನವಾಗಿ ನೋಡಿದರೆ ಅದಕ್ಕಿಂತ ಉಪಯುಕ್ತವಾದದ್ದು, ಅಗ್ಗವಾದದ್ದು ಬೆಳೆಗಾರನ ಕೈಯಲ್ಲಿ ಇನ್ನೊಂದಿಲ್ಲ. ಆದರೆ ಅಳೆಯುವುದಕ್ಕೆ ಕೆಲವು ನಿಯಮಗಳುಂಟು.

1. ಒಟ್ಟು ಎಷ್ಟು ಬಿತ್ತು ಎಂಬುದು ಅಳತೆಯಲ್ಲ. ಒಂದು ಬಲೆಗೆ ಒಂದು ದಿನಕ್ಕೆ ಎಷ್ಟು ಎಂಬುದು ಅಳತೆ. 5 ಬಲೆಗಳಲ್ಲಿ 7 ದಿನಕ್ಕೆ 420 ನೊಣ ಬಿದ್ದರೆ ದಿನಕ್ಕೆ ಬಲೆಯೊಂದಕ್ಕೆ 12. ಮುಂದಿನ ಸಲ 9 ದಿನ ಬಿಟ್ಟು ನೋಡಿದಾಗ 540 ಬಿದ್ದಿದ್ದರೆ ಅದೂ 12 ಮಾತ್ರ. ಮೊದಲಿಗಿಂತ 120 ಹೆಚ್ಚು ಬಿತ್ತೆಂದು ಗಾಬರಿಯೂ ಬೇಡ, ಸಂತೋಷವೂ ಬೇಡ. ದೇಶವಿದೇಶಗಳ ನೊಣ ನಿಯಂತ್ರಣ ಯೋಜನೆಗಳು ಬಳಸುವುದು ಈ ಸೂಚ್ಯಂಕವನ್ನೇ.

2. ಒಂದು ಸಂಖ್ಯೆಗೆ ಅರ್ಥವಿಲ್ಲ, ಏರಿಳಿತಕ್ಕೆ ಅರ್ಥವಿದೆ. ಆದ್ದರಿಂದ ಕಾಯಿ ಹಣ್ಣಾಗುವಾಗ ಬಲೆ ಕಟ್ಟಿದರೆ ಹೋಲಿಸಲು ಹಿಂದಿನ ಲೆಕ್ಕವೇ ಇರುವುದಿಲ್ಲ. ಕೊಯ್ಲಿಗೆ ಒಂದೂವರೆ ಎರಡು ತಿಂಗಳ ಮೊದಲೇ ಕಟ್ಟಬೇಕು, ವಾರಕ್ಕೊಮ್ಮೆ ಎಣಿಸಿ ಬರೆಯಬೇಕು, ಎಣಿಸಿದ್ದನ್ನು ಖಾಲಿ ಮಾಡಬೇಕು.

3. ಸೊನ್ನೆಯನ್ನು ಸುಲಭವಾಗಿ ನಂಬಬಾರದು. ಆಮಿಷದ ವಾಸನೆ ಆರಿರಬಹುದು, ಕೀಟನಾಶಕದ ಶಕ್ತಿ ಹೋಗಿ ನೊಣ ಹಾರಿಹೋಗಿರಬಹುದು, ಸತ್ತ ನೊಣವನ್ನು ಇರುವೆ ಹೊತ್ತೊಯ್ದಿರಬಹುದು. ತಂತಿಗೆ ಒಂದಿಷ್ಟು ಗ್ರೀಸ್ ಹಚ್ಚಿದರೆ ಇರುವೆಯ ಕಾಟ ತಪ್ಪುತ್ತದೆ.

4. ಬಲೆಯ ಲೆಕ್ಕವನ್ನು ಹಣ್ಣಿನ ಲೆಕ್ಕದಿಂದ ಒರೆಗೆ ಹಚ್ಚಬೇಕು. ಮರದಡಿ ಬಿದ್ದ ಕೆಲವು ಹಣ್ಣು, ಮರದಿಂದ ಕೊಯ್ದ ಕೆಲವು ಕಾಯಿ ಆರಿಸಿ, ತಳದಲ್ಲಿ ಮರಳು ಹಾಕಿದ ಬಕೆಟಿನಲ್ಲಿಟ್ಟು ಬಾಯಿಗೆ ತೆಳುಬಟ್ಟೆ ಕಟ್ಟಿ ಎರಡು ಮೂರು ವಾರ ಬಿಡಿ. ಹುಳ ಇಳಿದು ಮರಳಿನಲ್ಲಿ ಕೋಶವಾಗುತ್ತದೆ, ಕೋಶದಿಂದ ನೊಣ ಬರುತ್ತದೆ. ಎಷ್ಟು ಹಣ್ಣಿನಲ್ಲಿ ಹುಳ ಇತ್ತು ಎಂಬ ಈ ಲೆಕ್ಕವೇ ಬೆಳೆಗಾರನ ನಷ್ಟದ ಲೆಕ್ಕ. ಬಲೆ ಮುನ್ಸೂಚನೆ ಕೊಡುತ್ತದೆ, ಬಕೆಟ್ ತೀರ್ಪು ಕೊಡುತ್ತದೆ.

ಬಲೆ ಏರಿಕೆ ತೋರಿಸಿದಾಗ ಮಾಡಬೇಕಾದದ್ದೇನು? ಹೆಣ್ಣನ್ನು, ಮೊಟ್ಟೆಯನ್ನು, ಹುಳವನ್ನು ಮುಟ್ಟುವ ಕೆಲಸ. ಅವುಗಳಲ್ಲಿ ಮೊದಲನೆಯದು ಉದುರಿದ ಹಣ್ಣನ್ನು ಆರಿಸುವುದು. ಹುಳುಕು ಹಣ್ಣು ಉದುರಿದಾಗ ಅದರೊಳಗೆ ಡಜನುಗಟ್ಟಲೆ ಹುಳ ಇರುತ್ತವೆ. ಬಲಿತ ಹುಳ ಹಣ್ಣಿನಿಂದ ಹೊರಬಂದು, ಮೈ ಬಗ್ಗಿಸಿ ಚಿಮ್ಮಿ, ಕೆಲವೇ ಸೆಂಟಿಮೀಟರ್ ಆಳದ ಮಣ್ಣಿನಲ್ಲಿ ಕೋಶವಾಗುತ್ತದೆ. ಬೇಸಿಗೆಯಲ್ಲಿ ಹತ್ತು ದಿನದ ಆಸುಪಾಸಿನಲ್ಲಿ ನೊಣ ಸಿದ್ಧ. ಒಂದು ಹಣ್ಣಿನಲ್ಲಿ 50 ಹುಳ ಎಂದುಕೊಂಡರೆ 25 ಹೆಣ್ಣು. ಒಂದೊಂದೂ ನೂರಾರು ಮೊಟ್ಟೆ ಇಡಬಲ್ಲದು. ಆ ಒಂದು ಹಣ್ಣನ್ನು ಎತ್ತಿ ತೆಗೆದವನು 25 ಹೆಣ್ಣನ್ನು ತೆಗೆದ. ಬಾಟಲಿಯಲ್ಲಿ ಬಿದ್ದ ಸಾವಿರ ಗಂಡು ಈ 25ಕ್ಕೆ ಸಮವಲ್ಲ. ಇದು ತಿಳಿದೂ ಹಣ್ಣನ್ನು ಆರಿಸಿ ಬದುವಿನಾಚೆ ರಾಶಿ ಹಾಕುವವರಿದ್ದಾರೆ; ಅದರಿಂದ ಹುಳ ಜಾಗ ಬದಲಿಸುತ್ತದೆ ಅಷ್ಟೆ. ಒಂದೂವರೆ ಎರಡು ಅಡಿ ಆಳದ ಗುಂಡಿಯಲ್ಲಿ ಹೂಳಿ ಮಣ್ಣು ತುಳಿಯಬೇಕು, ಇಲ್ಲವೇ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಬಿಸಿಲಲ್ಲಿ ಬೇಯಿಸಬೇಕು. ಹವಾಯಿಯಲ್ಲಿ ಇದಕ್ಕೊಂದು ಜಾಣ ಉಪಾಯ ಕಂಡುಕೊಂಡಿದ್ದಾರೆ: ಉದುರಿದ ಹಣ್ಣನ್ನು ಒಂದು ಪರದೆಯ ಗುಡಾರದಲ್ಲಿ ಹಾಕುತ್ತಾರೆ, ಆ ಪರದೆಯ ಕಣ್ಣು ನೊಣ ಹೊರಬರದಷ್ಟು ಸಣ್ಣದು, ನೊಣದ ಹುಳದ ಮೇಲೆ ಬದುಕುವ ಸಣ್ಣ ಕಣಜ ಹೊರಬರುವಷ್ಟು ದೊಡ್ಡದು. ನಮ್ಮ ಊರುಗಳಲ್ಲಿ ನಾಲ್ಕಾರು ತೋಟಗಳು ಸೇರಿ ಮಾಡಬಹುದಾದ ಕೆಲಸ ಇದು.

ಕಾಡು ಪಕ್ಕದಲ್ಲೇ ಇರುವಾಗ ಉದುರಿದ್ದನ್ನು ಆರಿಸಿ ಏನು ಪ್ರಯೋಜನ, ಅಲ್ಲಿಂದಲೂ ಹೆಣ್ಣು ಬರುತ್ತದಲ್ಲ ಎಂಬ ಆಕ್ಷೇಪ ಇಲ್ಲಿ ಸಹಜ. ಬಲೆಯ ವಿರುದ್ಧ ನಾನು ಹೇಳಿದ್ದೇ ಇಲ್ಲಿ ನನಗೆ ತಿರುಗುಬಾಣ. ಬರುತ್ತದೆ, ಒಪ್ಪೋಣ. ಜಾಂಬೋಟಿಯ ಕಡೆ ಇದರ ಫಲ ಇಟಗಿಯ ಕಡೆಗಿಂತ ಕಡಿಮೆಯೇ ಇರುತ್ತದೆ. ಆದರೆ ವ್ಯತ್ಯಾಸವಿದೆ. ಗಂಡಿನ ಸಾವು ಒಂದು ಮಿತಿ ದಾಟುವವರೆಗೆ ಫಲ ಕೊಡುವುದಿಲ್ಲ. ಹೂತ ಹಣ್ಣು ಮೊದಲ ಹಣ್ಣಿನಿಂದಲೇ ಕೊಡುತ್ತದೆ. ಮೇಲಾಗಿ ನೇರಳೆ, ಕೌಲು ಹಣ್ಣಾಗುವುದು ಬಹುಮಟ್ಟಿಗೆ ಮಾವಿನ ಕೊನೆಯ ಹೊತ್ತಿಗೆ ಮತ್ತು ಆಮೇಲೆ. ಏಪ್ರಿಲ್‌ನಲ್ಲಿ ನಮ್ಮ ಮಾವಿಗೆ ಬರುವ ನೊಣದ ಬೀಜ ಎಲ್ಲಿತ್ತು ಎಂದು ಕೇಳಿದರೆ ಕಾಡಿಗಿಂತ ಮೊದಲು ಹಿತ್ತಲನ್ನು ನೋಡಬೇಕು. ಫೆಬ್ರವರಿ–ಮಾರ್ಚ್‌ನಲ್ಲಿ ಹೂ ಬಿಟ್ಟು ಮಳೆಗಾಲದಲ್ಲಿ ಹಣ್ಣಾಗುವ ಅಂಬೆ ಬಹಾರದ ಪೇರಲದಲ್ಲಿ ಹುಳ ಹೇರಳ, ಮಾವಿನ ನೊಣ ಮಾವು ಮುಗಿದ ಮೇಲೆ ಹೋಗುವುದು ಅಲ್ಲಿಗೆ. ಚಳಿಗಾಲದ ಮೃಗ ಬಹಾರದ ಹಣ್ಣಿನಲ್ಲಿ ಅದು ಕಡಿಮೆ, ಆದರೆ ಮುಂದಿನ ಮಾವಿನ ತನಕ ನೊಣದ ಸಂತತಿ ಉಳಿಯಲು ಸಾಕು. ಮಳೆಗಾಲದ ಪೇರಲ ತಿನ್ನಲಿಕ್ಕೂ ಬಾರದು, ಮಾರಲಿಕ್ಕೂ ಬಾರದು, ಆದ್ದರಿಂದ ಯಾರೂ ಅದನ್ನು ಕೊಯ್ಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಖಾನಾಪುರದ ಆಪೂಸಿನ ರಕ್ಷಣೆ ಶುರುವಾಗಬೇಕಾದದ್ದು ಆಗಸ್ಟ್ ತಿಂಗಳಲ್ಲಿ, ಯಾರೂ ಕೇಳದ ಆ ಪೇರಲ ಮರದಡಿ.

ಎರಡನೆಯದು ಹೆಣ್ಣಿನ ಹಸಿವನ್ನು ಬಳಸಿಕೊಳ್ಳುವುದು. ಮೊಟ್ಟೆ ಬಲಿಯಲು ಹೆಣ್ಣಿಗೆ ಪ್ರೋಟೀನ್ ಬೇಕೇ ಬೇಕು. ಪ್ರೋಟೀನ್ ದ್ರಾವಣದಲ್ಲಿ ಅತಿ ಕಡಿಮೆ ಕೀಟನಾಶಕ ಬೆರೆಸಿ ಮರದ ಬೊಡ್ಡೆಯ ಮೇಲೆ, ಕಾಯಿ ಇಲ್ಲದ ಕೆಳಕೊಂಬೆಯ ಎಲೆಗಳ ಮೇಲೆ ಅಲ್ಲಲ್ಲಿ ಚಿಮುಕಿಸಿದರೆ ಹೆಣ್ಣೂ ಗಂಡೂ ತಿಂದು ಸಾಯುತ್ತವೆ, ಹಣ್ಣಿಗೆ ವಿಷ ತಾಗುವುದಿಲ್ಲ. ನಮ್ಮಲ್ಲಿ ಬೆಲ್ಲ ಬೆರೆಸುವ ರೂಢಿ ಇದೆ. ಬೆಲ್ಲದಲ್ಲಿ ಸಿಹಿ ಇದೆ, ಹೆಣ್ಣು ಹುಡುಕುವ ಪ್ರೋಟೀನ್ ಇಲ್ಲ. ಮೂರನೆಯದು ಕೊಯ್ಲಿನ ಕಾಲ. ಬಲಿತ ಕಾಯಿಯನ್ನು ಮರದಲ್ಲೇ ಬಣ್ಣ ತಿರುಗಲು ಬಿಟ್ಟಷ್ಟು ದಿನ ಅದು ನೊಣಕ್ಕೆ ತೆರೆದಿಟ್ಟ ಊಟ. ಬಲಿತ ಕೂಡಲೇ ಕೊಯ್ದು ಅಡಿ ಹಾಕಬೇಕು. ಆದರೂ ಕೊಯ್ಯುವ ಮುನ್ನಾದಿನ ಬಿದ್ದ ಮೊಟ್ಟೆ ಹುಲ್ಲಿನಡಿ ಒಡೆಯುತ್ತದೆ, ಹೊರಗಿನಿಂದ ಚೆಂದದ ಹಣ್ಣು ಒಳಗೆ ಹುಳ ತುಂಬಿ ಬರುವುದು ಹೀಗೆ. ಅದಕ್ಕೆ ಪರಿಹಾರ 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 60 ನಿಮಿಷ ಮುಳುಗಿಸುವುದು. ನೊಣದ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2014ರ ಮೇ 1ರಿಂದ ನಮ್ಮ ಮಾವನ್ನೂ ನಾಲ್ಕು ತರಕಾರಿಗಳನ್ನೂ ನಿಷೇಧಿಸಿದ ಮೇಲೆ, ಮಾವಿನ ನಿಷೇಧ 2015ರಲ್ಲಿ ತೆರವಾದದ್ದು ಕೊಯ್ಲಿನ ನಂತರದ ಇಂಥ ಕಡ್ಡಾಯ ಸಂಸ್ಕರಣೆ ಮತ್ತು ತಪಾಸಣೆಯ ಏರ್ಪಾಡಿನಿಂದ. ತೋಟದಲ್ಲಿ ಬಲೆ ಇತ್ತು, ಅದರಲ್ಲಿ ಇಷ್ಟು ನೊಣ ಸತ್ತವು ಎಂಬ ಮಾತಷ್ಟೇ ಅಲ್ಲಿ ಸಾಲುತ್ತಿರಲಿಲ್ಲ.

ಇನ್ನು ಬಲೆ ಹಂಚುವ ವ್ಯವಸ್ಥೆ. ಅರ್ಜಿ ಹಾಕಿದ ಒಬ್ಬ ರೈತನಿಗೆ ಹತ್ತು ಬಲೆ, ಇನ್ನೆಲ್ಲೋ ಇರುವ ಮತ್ತೊಬ್ಬನಿಗೆ ಹತ್ತು ಎಂದು ಚದುರಿಸಿ ಕೊಟ್ಟರೆ ಮೇಲೆ ಹೇಳಿದ ಎಲ್ಲ ಕಾರಣಗಳಿಗೂ ಆ ಹಣ ಬಹುಪಾಲು ವ್ಯರ್ಥ. ಅದೇ ಬಲೆಗಳನ್ನು ಒಂದು ಊರಿನ ಎಲ್ಲ ತೋಟ, ಎಲ್ಲ ಹಿತ್ತಲಿಗೆ ಒಂದೇ ವಾರ ಕೊಟ್ಟು, ಊರಿಗೊಬ್ಬರು ವಾರದ ಲೆಕ್ಕ ಬರೆಯುವಂತೆ ಮಾಡಿದರೆ ಫಲವೂ ಹೆಚ್ಚು, ಆ ಸೀಮೆಯ ನೊಣದ ಬಗ್ಗೆ ನಂಬಬಹುದಾದ ತಿಳಿವಳಿಕೆಯೂ ಸಿಗುತ್ತದೆ. ಜನ ಸೇರುವುದಿಲ್ಲ ಎಂಬ ನಿರಾಶೆಯ ಮಾತು ನನಗೆ ಒಪ್ಪಿಗೆಯಿಲ್ಲ. ಕಾಲುವೆ ನೀರಿಗೆ, ಜಾತ್ರೆಗೆ ಸೇರುವ ಊರು ಇದಕ್ಕೂ ಸೇರೀತು, ಕೇಳಿದವರಿಲ್ಲ ಅಷ್ಟೆ.

ಆದರೆ ಊರು ಸೇರಿದರೂ ಬಿಡಿಸಬೇಕಾದ ಒಂದು ಗಂಟು ಉಳಿದಿದೆ. ನಮ್ಮಲ್ಲಿ ಅನೇಕ ತೋಟಗಳನ್ನು ಹೂವಿನಲ್ಲೋ ಮಿಡಿಯಲ್ಲೋ ವ್ಯಾಪಾರಿಗೆ ಗುತ್ತಿಗೆ ಕೊಟ್ಟುಬಿಡುತ್ತಾರೆ. ಅಲ್ಲಿಂದ ಮರ ರೈತನದು, ಕಾಯಿ ವ್ಯಾಪಾರಿಯದು, ಉದುರಿದ ಹುಳುಕು ಹಣ್ಣು ಯಾರದೂ ಅಲ್ಲ. ವ್ಯಾಪಾರಿಗೆ ಮುಂದಿನ ವರ್ಷದ ನೊಣದ ಚಿಂತೆ ಇಲ್ಲ, ಒಳ್ಳೆಯ ಕಾಯಿ ಕೊಯ್ದು ಟೆಂಪೋ ತುಂಬಿ ಹೋಗುತ್ತಾನೆ. ರೈತ ಕೂಲಿ ಕೊಟ್ಟು ಇನ್ನೊಬ್ಬರ ಹಣ್ಣು ಆರಿಸಲು ಸಿದ್ಧನಿಲ್ಲ. ರೋಹಿಣಿ ಮಳೆಗೆ ಮರದಡಿ ಕೊಳೆಯುವ ಆ ಹಣ್ಣಿನಿಂದ ಏಳುವ ನೊಣವೇ ಜುಲೈನಲ್ಲಿ ಪೇರಲಕ್ಕೆ ಹೋಗುತ್ತದೆ. ಬಾಯಿಮಾತಿನ ಒಪ್ಪಂದವಿರಲಿ, ಬರೆದ ಪತ್ರವಿರಲಿ, ಗುತ್ತಿಗೆಯಲ್ಲಿ ಇದನ್ನು ಸೇರಿಸಬೇಕು: ಕೊಯ್ಲು ನಡೆಯುವಷ್ಟು ದಿನ ವಾರಕ್ಕೆರಡು ಸಲ ಉದುರಿದ್ದನ್ನು ಆರಿಸಿ ಹೂಳುವುದು ವ್ಯಾಪಾರಿಯ ಹೊಣೆ, ಕೊಯ್ಲು ಮುಗಿದ ಮೇಲಿನ ಹದಿನೈದು ದಿನದ ಕೂಲಿಯನ್ನು ಅವನು ಗುತ್ತಿಗೆ ಹಣದ ಜೊತೆಗೇ ರೈತನಿಗೆ ಕೊಟ್ಟು ಹೋಗಬೇಕು, ಮೃಗಶಿರಾ ಮಳೆ ಹಿಡಿಯುವುದರೊಳಗೆ ಗುಂಡಿ ಮುಚ್ಚುವುದು ರೈತನ ಕೆಲಸ.